ಬೈರಮ್ಮನವರ ‘ಲೆಟ್ ಮಿ ಫಿನಿಷ್’

ಪ್ರೀತಿಯ ಚಿಕ್ಕಮ್ಮ,

ಗೆದ್ದೆವು! ಕೆ.ಆರ್. ಪುರದಲ್ಲಿ ನನಗೆ ಕೋಣೆ ಕೊಟ್ಟಿರುವ ಬೈರಮ್ಮ, ತಾವೇ ಮಾರಿದ ಹೊಲದ ಮೇಲೆದ್ದ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಮುನೇಶ್ವರನ ಕಟ್ಟೆಗೆ ಹೋಗುವ ಹಿಂದಿನ ಗೇಟನ್ನು ಮುಚ್ಚಿಸಲು ಅಲ್ಲಿನ ಸಂಘ ಹೊರಟಿತ್ತು. ಸಭೆಯೆಲ್ಲ ಇಂಗ್ಲಿಷಿನಲ್ಲಿ, ಇವರು ಬಾಯಿ ತೆರೆದರೆ ಯಾರಾದರೂ ನಡುವೆ ತಡೆಯುತ್ತಿದ್ದರು. ಅಂಥವರಿಗೆ ‘ಲೆಟ್ ಮಿ ಫಿನಿಷ್’, ಅಂದರೆ ನನ್ನ ಮಾತು ಮುಗಿಯಲಿ, ಎನ್ನಬೇಕು; ಜೊತೆಗೆ ‘ಸಾರಿ’ ಸೇರಿಸಬಾರದು ಎಂದು ಹೇಳಿಕೊಟ್ಟಿದ್ದೆ. ನಿನ್ನೆ ಕಾರ್ಯದರ್ಶಿಗೆ ಎರಡು ಸಲ ಹಾಗೆಂದರು. ಆಮೇಲೆ ಹೊಲ ಮಾರಿದ ಪತ್ರ ತೆಗೆದು ಅವನ ಮುಂದಿಟ್ಟರು.

“ಈಗ ಕನ್ನಡದಲ್ಲಿ ಕೇಳಪ್ಪಾ. ಆ ದಾರಿ ಬಿಡ್ಬೇಕು ಅಂತ ಕ್ರಯಪತ್ರದಲ್ಲೇ ಬರ್ಸಿದೀನಿ. ಓದು!”

ಓದಿದ. ಗೇಟು ಉಳಿಯಿತು. ಮೊದಲು ಚಪ್ಪಾಳೆ ತಟ್ಟಿದ್ದು ನಾನು, ನಂಬು!

ನನ್ನ ಕೆಮ್ಮು ವಾಸಿಯಾಗಿದೆ. ಬೈರಮ್ಮ ಕೂಗುತ್ತಿದ್ದಾರೆ, ಅದೇ ಗೇಟಿನಿಂದ ಕಟ್ಟೆಗೆ ದೀಪ ಹಚ್ಚಲು ಹೊರಟೆವು.

ನಿನ್ನ ಬೃಂದಾ