ಅಣಬೆ ಕೋಣೆಯ ಕೂಸು

ಮಂಗಳವಾರ, ಬೆಳಿಗ್ಗೆ

ನನ್ನ ಮೊಂಡು ಮಗಳಿಗೆ, ನಿನ್ನ ಅಮ್ಮ ಬಿಸಿಲಲ್ಲಿ ಕೂತು ಬರೆಯುವುದು.

ಮತ್ತೆ ಬಸುರಿಯಾಗಿದ್ದೀಯ. ಸಂತೋಷ. ಆದರೆ ಈ ಸಲವೂ ಅಣಬೆ ಬೆಳೆಸುವ ಆ ಕತ್ತಲೆ ಕೋಣೆಯಲ್ಲೇ ಬೆಳಗಿನಿಂದ ಸಂಜೆಯವರೆಗೆ ಕೂತೆಯೋ, ನಾನೇ ಬಂದು ಜುಟ್ಟು ಹಿಡಿದು ಹೊರಗೆ ಎಳೆಯುತ್ತೇನೆ.

ಕೆಲಸ ಜಾಸ್ತಿ ಅಂತ ದೊಡ್ಡವಳನ್ನು ನನ್ನ ಹತ್ತಿರ ಬಿಟ್ಟೆಯಲ್ಲ, ಅವಳಿಗೆ ಮೂರು ತುಂಬಿದರೂ ವರ್ಷದ ಕೂಸಿನ ಅಂಗಿ ಸಡಿಲ. ಕಾಲು ಬಿಲ್ಲಿನಂತೆ ಬಾಗಿವೆ. ನೆತ್ತಿ ಇನ್ನೂ ಕೂಡಿಲ್ಲ. ತಲೆ ಬಾಚುವಾಗ ಕೂದಲಡಿ ಏನೋ ಏಳುತ್ತದೆ, ಇಳಿಯುತ್ತದೆ, ಒಳಗೆ ಇನ್ನೊಬ್ಬರು ಮಲಗಿ ಉಸಿರಾಡಿದ ಹಾಗೆ. ಬಾಚಣಿಗೆ ಕೆಳಗಿಟ್ಟೆ. ನನ್ನ ಮೊಮ್ಮಗಳ ತಲೆಗೇ ನಾನು ಹೆದರಿದೆ! ಕಿಟಕಿ ತೆರೆದರೆ ಮಂಚದ ಕೆಳಗೆ ತೆವಳಿ ಹೋಗುತ್ತಾಳೆ. ಅಲ್ಲಿಂದ ಬಿಳಿ ಮುಖ ಮಾತ್ರ ಕಾಣುತ್ತದೆ, ರೆಪ್ಪೆ ಅಲುಗದೆ.

ಡಾಕ್ಟರಮ್ಮ ಇವಳನ್ನು ನೋಡಿ ಮೊದಲು ಕೇಳಿದ್ದು ನಿನ್ನ ವಿಷಯ. "ಇವಳ ತಾಯಿ ಬಿಸಿಲು ಕಂಡಿದ್ದಾಳಾ ಅಜ್ಜಿ?" ನಿನ್ನ ಮೈಯಲ್ಲಿ ವಿಟಮಿನ್ ಡಿ ಇಲ್ಲದೆ, ಹೊಟ್ಟೆಯಲ್ಲಿದ್ದಾಗಲೇ ಇವಳ ಮೂಳೆ ಬಡವಾಯಿತಂತೆ. ಹುಟ್ಟಿದ ಮೇಲೆ ನಿನ್ನ ಹಾಲಿನಲ್ಲೂ ಅದು ಸಾಲಲಿಲ್ಲ. ಆಸ್ಪತ್ರೆಯಲ್ಲಿ ಹನಿ ಔಷಧಿ ಕೊಟ್ಟಿದ್ದರು, ಅದನ್ನೂ ನೀವು ಹಾಕಲಿಲ್ಲ. ಅಳಿಯಂದಿರದು ಒಂದೇ ಮಾತು: "ಬೆಳಕು ತಾಗಿದ್ರೆ ಅಣಬೆ ಕಂದುತ್ತೆ ಅತ್ತೆ, ಮಗೂನೂ ಅಷ್ಟೇ." ಮಗು ಏನು ಬುಟ್ಟಿಗೆ ತುಂಬಿ ಮಾರುವ ಸರಕೇ? ಬಾಣಂತಿ ಕೋಣೆಯ ಕಿಟಕಿಗೂ ಕಪ್ಪು ಚೀಲ ಹೊಡೆದ ಮಹಾನುಭಾವ! ನೀನೋ, ಮಗಳು ಎಷ್ಟು ಬೆಳ್ಳಗಿದ್ದಾಳೆ ಅಂತ ಬೀಗಿದೆ.

ಔಷಧಿ ಶುರುವಾಗಿದೆ. ಮೂಳೆ ಗಟ್ಟಿಯಾಗುತ್ತದಂತೆ. ಎತ್ತರ ಪೂರ್ತಿ ಬರುತ್ತದೆಯೇ ಅಂದರೆ ಡಾಕ್ಟರಮ್ಮ ಮತ್ತೆ ಬರಬೇಕಾದ ತಾರೀಖು ಬರೆದುಕೊಟ್ಟರು. ಆದರೆ ನಿನ್ನ ಹೊಟ್ಟೆಯಲ್ಲಿರುವುದಕ್ಕೆ ಇನ್ನೂ ಕಾಲ ಮಿಂಚಿಲ್ಲ. ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸು, ಕೊಟ್ಟ ಮಾತ್ರೆ ನುಂಗು, ಕತ್ತಲೆ ಕೆಲಸ ನಿನ್ನ ಗಂಡನೇ ಮಾಡಲಿ. ನೀನು ಬರುತ್ತೀಯೋ, ನಾನೇ ಬರಲೋ?

ಬಯ್ಯಲು ಇನ್ನೂ ಉಸಿರು ಉಳಿದಿರುವ,
ನಿನ್ನ ಅಮ್ಮ

ಬರೆಯಲು ಮರೆತದ್ದು: ಬಸುರಿನ ಸುದ್ದಿ ನೀನು ನನ್ನಿಂದ ಮುಚ್ಚಿಟ್ಟಿದ್ದೆ. ಯಾರು ಬಾಯಿ ಬಿಟ್ಟರು ಅಂತ ಅಳಿಯಂದಿರ ಮೇಲೆ ಹರಿಹಾಯಬೇಡ. ನಿನ್ನೆ ಉಣ್ಣಿಸುವಾಗ ಇವಳೇ ಹೇಳಿದಳು: "ಅಮ್ಮನ ಹೊಟ್ಟೇಲಿ ಪಾಪು ಇದೆ ಅಜ್ಜಿ. ಅದಕ್ಕೆ ತುಂಬಾ ಹಸಿವು. ಅಮ್ಮನ ಮೂಳೆ ತಿಂತಿದೆ."

ನಿಜ ಹೇಳು, ನಿನಗೆ ಸೊಂಟ ನೋಯುತ್ತಿದೆಯಾ?