ಮೂಲೆಯಲ್ಲಿ ಕುಳಿತ ಅವ್ವ

ಕುರುಗೋಡು,
೧೯ ಮೇ ೨೦೨೫

ಐಶ್ವರ್ಯಾಳ ಅಪ್ಪನವರಿಗೆ, ಚನ್ನವೀರಮ್ಮನ ಶರಣಾರ್ಥಿಗಳು.

ಹೇಗಿದ್ದೀರಿ? ಉಸಿರು ಸಲೀಸಾಗಿದೆಯೇ? ಕೇದಾರದ ಚಳಿಗೆ ಕಿವಿ ಮುಚ್ಚಿಕೊಳ್ಳುತ್ತೀರೋ ಇಲ್ಲವೋ? ಇಲ್ಲಿ ಬಿಸಿಲಿಗೆ ಅಂಗಳದ ಬಂಡೆ ಕಾದ ಹಂಚಾಗಿದೆ. ಸಿರುಗುಪ್ಪದಿಂದ ಮಗಳು ಬಂದಿದ್ದಾಳೆ. ಇಬ್ಬರಿಗೂ ಊಟ ಸೇರುತ್ತಿಲ್ಲ. ಮೊನ್ನೆಯಿಂದ ನಿಮ್ಮ ಫೋನು ಬಂದ್ ಆಗಿದೆ, ಅದಕ್ಕೇ ಈ ಕಾಗದವನ್ನು ನನ್ನ ತಮ್ಮ ಸಿದ್ದಲಿಂಗೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ಬೆಟ್ಟ ಹತ್ತಿದ ಮೇಲೆ ನೀವು ಫೋನಿನಲ್ಲಿ "ದೀಪದ ಸುತ್ತ ಹಳದಿ ಉಂಗ್ರ ಕಾಣ್ತೈತಿ, ಹಿಮಾನೂ ಹಳದಿ, ಸ್ವಾಮಿ ಕಣ್ಣು ತೆರಿಸ್ಯಾನ" ಎಂದಾಗ ನಾನೂ ಕೈಮುಗಿದೆ. ಮರುದಿನ "ಅವ್ವ ಬಂದಾಳ. ಮಣ್ಣಾಗ ಹೆಂಗ ಕುಂದ್ರಿಸಿದ್ವಿ, ಹಂಗ ಮೂಲ್ಯಾಗ ಕುಂತಾಳ" ಎಂದಿರಿ. ವಿಭೂತಿ ಹಚ್ಚಿ, ಕಾಲು ಮಡಚಿಸಿ, ನಾವೇ ಸಮಾಧಿಯಲ್ಲಿ ಕೂರಿಸಿದ ನನ್ನ ಅತ್ತೆ! ಆಮೇಲೆ ಪಿಸುಮಾತಿನಲ್ಲಿ "ಎದಿ ಮಾತ್ರಿ ತಗೊಂಡ್ರ ಇನ್ನೂ ಚಲೋ ಕಾಣ್ತಾಳ, ಅದಕ್ಕ ಇನ್ನೊಂದು ನುಂಗಿದೆ" ಎಂದಿರಿ. ಒಂದು ರೊಟ್ಟಿ ಹೆಚ್ಚು ತಿನ್ನಿ ಎಂದರೆ ಒಲ್ಲೆ ಎನ್ನುವವರು ನೀವು.

ಇದನ್ನು ಕೇಳಿ ಬಳ್ಳಾರಿಯ ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಅಷ್ಟು ಎತ್ತರದಲ್ಲಿ ಮೈ ಒಣಗುತ್ತದಂತೆ. ಎತ್ತರ ತಡೆಯಲೆಂದು ಯಾತ್ರೆಯವರು ಹಂಚಿದ ಮಾತ್ರೆ, ಮೂತ್ರದ ಜೊತೆ ಮೈಯ ಪೊಟ್ಯಾಸಿಯಂ ಕೂಡ ಹೊರಹಾಕುತ್ತದಂತೆ. ಆಗ ನಿಮ್ಮ ಎದೆ ಮಾತ್ರೆ ಡಿಗಾಕ್ಸಿನ್ ರಕ್ತದಲ್ಲೇ ಉಳಿದು ವಿಷವಾಗುತ್ತದೆ, ಹಳದಿ ಕಾಣುವುದು ಅದರ ಗುರುತು, ಇಲ್ಲದವರು ಕಾಣುವುದೂ ಉಂಟು, ಕೊನೆಗೆ ಎದೆಬಡಿತವೇ ತಪ್ಪುತ್ತದೆ ಎಂದರು. ಅದನ್ನು ಹೇಳಿದರೆ "ಡಾಕ್ಟರಿಗೇನು ಗೊತ್ತೈತಿ? ಅವ್ವ ಏಳೂತನಕ ನಾ ಇಳಿಯಂಗಿಲ್ಲ" ಎಂದು ಫೋನಿಟ್ಟುಬಿಟ್ಟಿರಿ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿದೆ. ಆ ಎರಡೂ ಮಾತ್ರೆ ಇನ್ನು ಮುಟ್ಟಬೇಡಿ. ತಮ್ಮ ಡೋಲಿ ಗೊತ್ತುಮಾಡುತ್ತಾನೆ, ಅದೇ ದಿನ ಇಳಿದು ಆಸ್ಪತ್ರೆ ಸೇರಿ. ಅವ್ವ ಮಸುಕಾದರೆ ಅತ್ತುಬಿಡಿ, ಆದರೆ ಇಳಿಯಿರಿ.

ಮಗಳು ನಮಸ್ಕಾರ ಹೇಳಿದ್ದಾಳೆ. ದೊಡ್ಡಬಸವೇಶ್ವರ ನಿಮ್ಮನ್ನು ನಮಗೆ ಉಳಿಸಿಕೊಡಲಿ.

ನಿಮ್ಮ
ಚನ್ನವೀರಮ್ಮ

ತಾ.ಕ.: ಸಿದ್ದಲಿಂಗೇಶ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ಅವ್ವ ಬಂದಾಳೆಂದ ದಿನವೇ ನೀವು "ಹೊಲದಾಗ ಅವ್ವನ ಸಮಾಧಿ ಮ್ಯಾಲೆ ಬೇವಿನ ಟೊಂಗಿ ಬಿದ್ದೈತಂತ, ಭಾರ ಆಗತೈತಂತ" ಎಂದಿರಲ್ಲ, ಅದನ್ನು ಡಾಕ್ಟರಿಗೆ ಹೇಳಲಿಲ್ಲ. ಇವತ್ತು ಹೋಗಿ ನೋಡಿದೆ. ಗಾಳಿಯಿಲ್ಲ, ಮಳೆಯಿಲ್ಲ, ಟೊಂಗೆ ಬಿದ್ದಿತ್ತು, ನೀವು ಹೇಳಿ ಇಷ್ಟು ದಿನವಾದರೂ ಎಲೆ ಇನ್ನೂ ಬಾಡಿರಲಿಲ್ಲ. ಆಳು ಅಂಜಿನಪ್ಪನಿಂದ ಎತ್ತಿಸಿ, ಸಮಾಧಿ ತೊಳೆಸಿದ್ದೇನೆ. ಅವ್ವ ಹೇಳಲು ಬಂದ ಮಾತು ಮುಗಿಯಿತು. ಇನ್ನೂ ಆ ಮೂಲೆಯಲ್ಲಿ ಯಾರಾದರೂ ಕುಳಿತಿದ್ದರೆ, ಅದು ಅವ್ವ ಅಲ್ಲ. ಇಳಿದು ಬನ್ನಿ.