ಷರಿಯತ್ ಎಂದುಬಿಟ್ಟೆ

ಮಾರ್ಚ್ ೪, ಬುಧವಾರ. ರಾತ್ರಿ ಹತ್ತೂವರೆ. ಸಂಜೆಯೆಲ್ಲ ಪುರಸಭೆಯಲ್ಲಿ ನಮ್ಮ ಕಬರಸ್ತಾನದ ಅರ್ಜಿಯದೇ ವಾದ. ಎಲ್ಲೆಲ್ಲೂ ‘ಟೆಕ್ಸಸ್‌ಗೆ ಷರಿಯತ್ ಬೇಡ’ ಎಂಬ ಫಲಕಗಳು. ಹೋದ ತಿಂಗಳು ನನ್ನ ಗಂಡ ಫೆರಿದ್‌ನನ್ನು ನಾಲ್ಕು ಗಂಟೆ ದೂರ ಒಯ್ದು ಮಣ್ಣು ಮಾಡಿದೆವು. ಹಾಸಿಗೆ ಹಿಡಿದಿರುವ ಅಪ್ಪನಿಗಾದರೂ ಈ ಊರಿನ ಮಣ್ಣು ಸಿಗಬೇಕು.

ಸಭೆ ಮುಗಿಸಿ ಬಂದರೆ ಪಕ್ಕದ ಮನೆಯ ವೆರ್ನಾ, ಅಪ್ಪನಿಗೆಂದು ಸೂಪು ತಂದು ಕಾಯುತ್ತಿದ್ದಳು.

“ಅಮ್ರಾ, ಬೇಜಾರು ಮಾಡ್ಕೋಬೇಡ ಕಣೇ. ಪೆಟ್ಟಿಗೆ ಇಲ್ದೆ ಬರೀ ಬಟ್ಟೆ ಸುತ್ತಿ ಹೂಳ್ತೀರಲ್ಲ, ಅದೇನಾ ಆ ಷರಿಯತ್ತು?”

“ಹೂಂ, ಅದೂ ಷರಿಯತ್ತೇ.”

“ಇವತ್ತು ಗೋರಿ ಅಂತಾರೆ, ನಾಳೆ ಕೋರ್ಟು ಕೇಳ್ತಾರೆ ಅಂತಿದ್ರಂತೆ ಸಭೇಲಿ.”

“ಸತ್ತೋರು ಯಾವ ಕೋರ್ಟಿಗೆ ಹೋಗ್ತಾರೆ ಮಾರಾಯ್ತಿ?”

ನಕ್ಕಳು. ಆದರೆ ಚಹಾ ಮುಟ್ಟದೆ ಎದ್ದು ಹೋದಳು.

ಆ ಪದ ಬಾಯಿಗೆ ತರಬೇಡಿ, ಪದ್ಧತಿ ಎನ್ನಿ ಎಂದು ನಮ್ಮ ವಕೀಲರು ಹತ್ತು ಸಲ ಹೇಳಿದ್ದರು. ಸೂಪಿನ ನೆಪದಲ್ಲಿ ನನ್ನ ಬಾಯಿ ಬಿಡಿಸಲು ಬಂದಳೇ? ಫೆರಿದ್ ಹೋದ ದಿನ ನನ್ನ ತಲೆ ಬಾಚಿದವಳು ಇವಳೇ. ಅನುಮಾನಿಸಲು ನಾಚಿಕೆಯಾಗುತ್ತದೆ, ಆದರೂ...

ನಾಳೆ ಹತ್ತು ಗಂಟೆಗೆ ಮತ. ಮತ ಹಾಕುವ ಐವರಲ್ಲಿ ವೆರ್ನಾಳ ಗಂಡನೂ ಒಬ್ಬ.